ಶರಣಮ್ಮನ ಹೆಪ್ಪು, ನನ್ನ ಬಿಳಿ ಪುಡಿ

೧೯೯೩ರಲ್ಲಿ ನಾನು ಸಿಂಧನೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕನಾಗಿದ್ದೆ. ಜವಳಗೇರಾದ ಶರಣಮ್ಮ ಮೊದಲ ಬಸ್ಸಿಗೆ ಮೊಸರಿನ ಗಡಿಗೆ ಹೊತ್ತು ತಂದು ನಮ್ಮ ಓಣಿಗೆಲ್ಲ ಹಾಕುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರ ಮನೆ ನಡೆದದ್ದೇ ಎರಡು ಎಮ್ಮೆಗಳ ಮೇಲೆ.

ಆ ಬೇಸಿಗೆಯಲ್ಲಿ ಒಂದು ದಿನ ಬರಿಗೈಲಿ ಬಂದು ಕಟ್ಟೆಯ ಮೇಲೆ ಕುಳಿತರು.

"ನಾಕು ದಿನ ಆತ್ರಿ ಸರ್, ಹಾಲು ಹೆಪ್ಪಾಗವಲ್ದು. ನನ್ನ ಕೈ ಕೆಟ್ಟೈತಂತ ಮಂದಿ ಮಾತಾಡಾಕತ್ತಾರ. ಖಾನಾವಳಿಯವ್ರು ಇನ್ನೊಂದು ವಾರ ನೋಡಿ ಬ್ಯಾರೆಯವ್ರಿಗೆ ಹೇಳ್ತೀವಿ ಅಂದಾರ."

ಕೆದಕಿ ಕೇಳಿದೆ. ಒಂದು ಎಮ್ಮೆಗೆ ಜ್ವರ ಬಂದಾಗ ದನದ ಡಾಕ್ಟರು ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಪುಡಿ ಕೊಟ್ಟಿದ್ದರಂತೆ, ಬಕೆಟ್ ನೀರಿನಲ್ಲಿ ಕಲಸಿ ಕುಡಿಸಲು. "ಒಂದಕ್ಕ ಬಂದದ್ದು ಇನ್ನೊಂದಕ್ಕ ಬರಬಾರದಂತ, ಎಲ್ಲಾ ಪೊಟ್ಟಣ ಗುಮ್ಮಿಗೇ ಸುರುವೀನ್ರಿ!"

ಅಯ್ಯೋ ದೇವರೇ! ಗುಮ್ಮಿಯೆಂದರೆ ಹಿತ್ತಲಿನ ಸಿಮೆಂಟ್ ತೊಟ್ಟಿ. ರೋಗಾಣುವನ್ನು ಕೊಲ್ಲುವ ಔಷಧ ಎಮ್ಮೆಯ ಹಾಲಿಗಿಳಿದು, ಮೊಸರು ಮಾಡುವ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತಿತ್ತು. ಆ ನೀರು ಚೆಲ್ಲೋಣವೆಂದರೆ ಬೇರೆ ನೀರಿಲ್ಲ: ಬೇಸಿಗೆಗೆ ಕಾಲುವೆ ನಿಲ್ಲಿಸಿದ್ದರು, ಬೋರಿನ ನೀರು ಉಪ್ಪು.

ಹೈದರಾಬಾದಿನ ಗೆಳೆಯನೊಬ್ಬ ಕೊಟ್ಟಿದ್ದ ಟೈಟಾನಿಯಂ ಡೈಆಕ್ಸೈಡ್ ನನ್ನ ಕಪಾಟಿನಲ್ಲಿತ್ತು. ಬಿಸಿಲು ಬಿದ್ದರೆ ನೀರಿನಲ್ಲಿರುವ ಕಲ್ಮಶವನ್ನು ಒಡೆಯುವ, ಅತಿ ನುಣ್ಣನೆಯ ಫೋಟೋಕ್ಯಾಟಲಿಸ್ಟ್ ಅದು. ಈಗ ನ್ಯಾನೋ ಅನ್ನುತ್ತಾರೆ, ಆಗ ನಮಗದು ಬಿಳಿ ಪುಡಿ. ಈ ಔಷಧದ ಮೇಲೆ ಕೆಲಸ ಮಾಡೀತೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

ಪುಡಿ ಹಿಡಿದು ಜವಳಗೇರಾಕ್ಕೆ ಹೋದೆ. ಶರಣಮ್ಮನ ಅಂಗಳದಲ್ಲಿ ಎರಡು ಅಗಲವಾದ ಪರಾತಗಳಿಗೆ ಗುಮ್ಮಿಯ ನೀರು ಹಾಕಿ, ಒಂದಕ್ಕೆ ಮಾತ್ರ ಪುಡಿ ಬೆರೆಸಿ, ಎರಡು ದಿನ ಬಿಸಿಲಿಗಿಟ್ಟೆವು. ಶರಣಮ್ಮ ಕಡಗೋಲಿನಿಂದ ತಿರುವುತ್ತಿದ್ದರು. ಆದರೆ ಪುಡಿ ತಳಕ್ಕಿಳಿಯಲೇ ಇಲ್ಲ. ಬಟ್ಟೆಯಲ್ಲಿ ಸೋಸಿದೆ, ಫಿಲ್ಟರ್ ಪೇಪರಿನಲ್ಲಿ ಸೋಸಿದೆ, ನೀರು ಬೆಳ್ಳಗೇ ಇತ್ತು.

"ಔಷಧ ತೆಗೀರಿ ಅಂದ್ರ ಮಜ್ಜಿಗಿ ಮಾಡಿಟ್ಟೀರಲ್ರೀ ಸರ್!" ಎಂದು ನಕ್ಕು, ಒಳಗಿನಿಂದ ಪಟಿಕದ ಗಡ್ಡೆ ತಂದು ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿದರು. ಕಾಲುವೆಯ ಕೆಂಪು ನೀರನ್ನು ಅಲ್ಲಿನ ಹೆಂಗಸರು ತಿಳಿ ಮಾಡುತ್ತಿದ್ದುದೇ ಹಾಗೆ. ಸಂಜೆಗೆ ಪುಡಿಯೆಲ್ಲ ತಳ ಸೇರಿತ್ತು. ಎಂ.ಎಸ್‌ಸಿ. ಓದಿದ ನನಗದು ಹೊಳೆದಿರಲಿಲ್ಲ, ನಾಚಿಕೆಯಾಯಿತು.

ನಮ್ಮ ಲ್ಯಾಬಿನಲ್ಲಿ ಆಂಟಿಬಯೋಟಿಕ್ ಅಳೆಯುವ ಯಂತ್ರವೂ ಇರಲಿಲ್ಲ. ಪಕ್ಕದ ಮನೆಯ ಹಾಲನ್ನು ಮೂರು ಲೋಟಕ್ಕೆ ಹಾಕಿ, ಒಂದಕ್ಕೆ ಗುಮ್ಮಿಯ ನೀರು, ಒಂದಕ್ಕೆ ಬರೀ ಬಿಸಿಲಿಗಿಟ್ಟದ್ದು, ಒಂದಕ್ಕೆ ಪುಡಿಯ ನೀರು ಬೆರೆಸಿ ಶರಣಮ್ಮನೇ ಹೆಪ್ಪು ಹಾಕಿದರು. ಬೆಳಿಗ್ಗೆ ಮೂರನೆಯದು ಮಾತ್ರ ಗಟ್ಟಿಯಾಗಿತ್ತು. ಅವರು ಅದನ್ನು ಬೋರಲು ಹಿಡಿದರು. ಬೀಳಲಿಲ್ಲ. ನನಗೆ ಕುಣಿಯುವಷ್ಟು ಸಂತೋಷ.

ಆಮೇಲೆ ಅಂಗಳದಲ್ಲಿ ನೆಲ್ಲು ಒಣಗಿಸುವ ತಾಡಪತ್ರಿ ಹಾಸಿ, ಸುತ್ತ ಇಟ್ಟಿಗೆ ಇಟ್ಟು, ಗುಮ್ಮಿಯ ನೀರನ್ನು ಸರದಿಯಲ್ಲಿ ಬಿಸಿಲಿಗೆ ಹರವಿ ತಿಳಿ ಮಾಡಿ ಎಮ್ಮೆಗಳಿಗೆ ಕುಡಿಸಿದೆವು. ವಾರ ತುಂಬುವುದರೊಳಗೆ ಖಾನಾವಳಿಗೆ ಗಡಿಗೆ ಹೋಯಿತು. ವಾಪಸು ಬರುವಾಗ ಅವರು ನಮ್ಮ ಮನೆಯಲ್ಲಿ ಒಂದು ಬಟ್ಟಲು ಇಟ್ಟರು. "ಹೆಪ್ಪು ಐತ್ರಿ, ದಿನಾ ಹಾಕ್ರಿ, ಆರಬಾರದು ನೋಡ್ರಿ."

ಹೈದರಾಬಾದಿಗೆ ಪತ್ರ ಬರೆದೆ. ಯಾವ ಯಂತ್ರದಲ್ಲಿ ಪರೀಕ್ಷೆ ಮಾಡಿದೆ ಎಂದು ಗೆಳೆಯ ಕೇಳಿದ. ಶರಣಮ್ಮನ ಹೆಪ್ಪಿನಲ್ಲಿ ಎಂದು ಉತ್ತರಿಸಿದೆ. ತಮಾಷೆಯೆಂದುಕೊಂಡನೋ ಏನೋ.

ಗೊತ್ತಿಲ್ಲದ್ದನ್ನು ಗೊತ್ತಿರುವವರ ಮುಂದೆ ಒಪ್ಪಿಕೊಳ್ಳುವುದನ್ನು ಆ ಅಂಗಳ ಕಲಿಸಿತು. ಶರಣಮ್ಮ ಈಗಿಲ್ಲ. ನಾನು ನಿವೃತ್ತನಾಗಿ ಮೂರು ಊರು ಬದಲಿಸಿದ್ದೇನೆ. ಅವರ ಹೆಪ್ಪು ಮಾತ್ರ ಒಂದು ದಿನವೂ ಆರಿಲ್ಲ, ನಿನ್ನೆ ಸಂಜೆಯೂ ಹಾಕಿದ್ದೇನೆ.