ಆಯಿ ತಂದ ತಂಬಿಗಿ

ತಂಬಿಗಿಗೆ ಕಟ್ಟಿದ್ದ ಅರಿವಿ ಬಿಚ್ಚಿದ್ದ ತಡ, ನನ್ನ ಮೂಗಿನ ಕೂದಲೆಲ್ಲಾ ಸುಟ್ಟಂಗಾತು. ಮಜ್ಜಿಗಿ ಅಂದ್ಕೊಂಡಿದ್ನಿ, ಒಳಗ ದಾರೂ! ಕುಡಿತ ಬಿಡಸಾಕಂತ ಅಪ್ಪನ್ನ ಹುಕ್ಕೇರಿ ಹತ್ರದ ಮಠದಾಗ ಇಟ್ಟು ಅವತ್ತಿಗೆ ಐದು ದಿನ, ಜೋಡಿಗೆ ನಾನೂ ಅಲ್ಲೇ ಇದ್ನಿ. ಒಂದ ಹನಿ ಕುಡದ್ರೂ ಹೊರಗ ಹಾಕತಿದ್ರು. ತಂದಾಕಿ ಯಾರು? ಅಪ್ಪನ್ನ ಹಡದಾಕಿ, ನಮ್ಮ ಆಯಿ!

"ನನ್ನ ಮಗನ ಕೈ ಹೆಂಗ ನಡಗತಾವ ನೋಡೋ. ಒಂದ ಗುಟುಕ ಹಾಕಿದ್ರ ನಿಲ್ಲತಾವ," ಅಂದ್ಳು.

"ಮಗನ್ನ ಕೊಲ್ಲಾಕ ಬಂದಿಯೇನಬೇ?" ಅಂತ ನಾ ಒದರಿದ್ದಕ್ಕ ಗೋಕಾಕ ಫಾಲ್ಸಿನ ನೀರೂ ಗಳಿಗಿ ನಿಂತಿರಬೇಕು.

ಅಪ್ಪ ತಂಬಿಗಿ ಇಸ್ಕೊಂಡು ಅಂಗಳಕ್ಕ ಚೆಲ್ಲಿದ. ಕೈ ನಡುಗಿ ಅರ್ಧ ನನ್ನ ಚಡ್ಡಿಗೇ ಬಿತ್ತು. "ನಡಗಲಿ ಬಿಡ ಯವ್ವಾ," ಅಂದ.

ಅವತ್ತಿಂದ ಅಪ್ಪ ದಾರೂ ಬಿಟ್ಟಾನ, ನಾ ಆಯಿ ಕೂಡ ಮಾತ ಬಿಟ್ಟೇನಿ. ಸಿಟ್ಟು ಖರೇನ ಇಳದಿಲ್ಲ. ರೊಟ್ಟಿ ಬೇಕಾದ್ರ ಕೈಸನ್ನಿ ಮಾಡತೇನಿ.