ಬಿಕ್ಕಳಿಸಿದರೂ ನೀರು ಬೇಡವೆಂದ ಹುಡುಗಿ

ಏಪ್ರಿಲ್ ತಿಂಗಳ ಸೆಕೆ. ಮರಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ನಾಲ್ಕು ಮಕ್ಕಳು ಊಟಕ್ಕೆ ಕೂತಿದ್ದಾರೆ. ಒಬ್ಬಳಿಗೆ ಬಿಕ್ಕಳಿಕೆ. ನೀರಿನ ಲೋಟ ಬಾಯಿಯ ಹತ್ತಿರ ಹಿಡಿದರೆ ತುಟಿ ಬಿಗಿದು ಮುಖ ತಿರುಗಿಸುತ್ತಾಳೆ. ಕಣ್ಣಲ್ಲಿ ನೀರು ತುಂಬಿದೆ, ಆದರೂ ಕುಡಿಯಲೊಲ್ಲಳು.

ಯಾವ ಏಳು ವರ್ಷದ ಮಗು ಹೀಗೆ ಮಾಡುತ್ತದೆ, ಹೇಳಿ?

ಕಳೆದ ಶನಿವಾರದ ಮಾತು. ಶಾಲೆಗೆ ರಜ. ಗುಬ್ಬಿಯಿಂದ ವನಜ ಬರಬೇಕು, ಪಕ್ಕದ ಮನೆಯ ಅವಳಿ ಹುಡುಗಿಯರೂ ಬರಬೇಕು, ಎಲ್ಲರೂ ಒಟ್ಟಿಗೆ ಮಲಗಬೇಕು ಅಂತ ನನ್ನ ಮಗಳು ಶೈಲಾ ಹಟ ಹಿಡಿದಳು. ಸರಿ ಅಂದೆ. ವನಜ ನನ್ನ ಮೈದುನನ ಮಗಳು. (ಹೆಸರು ಬದಲಾಯಿಸಿದ್ದೇನೆ. ಊರು ಬದಲಾಯಿಸಿದ್ದೇನೋ ಇಲ್ಲವೋ ಹೇಳುವುದಿಲ್ಲ.)

ನನ್ನದೇನೂ ದೊಡ್ಡ ಏರ್ಪಾಡಲ್ಲ. ಚಿತ್ರಾನ್ನ, ಹಪ್ಪಳ, ಮಜ್ಜಿಗೆ. ಹಾಲ್‌ನಲ್ಲಿ ಸಾಲಾಗಿ ಹಾಸಿಗೆ. ಮೂಲೆಯಲ್ಲಿ ಹೂಜಿ ತುಂಬ ತಣ್ಣನೆಯ ನೀರು. ಮಕ್ಕಳಿಗೆ ಇನ್ನೇನು ಬೇಕು? ಕಿತ್ತಾಡಿದರು, ಕೂಗಾಡಿದರು, ಮತ್ತೆ ತಾವೇ ಒಂದಾದರು. "ಇಷ್ಟೂ ಮಕ್ಳನ್ನ ಹೆಂಗ್ ಸುಧಾರಿಸ್ತೀರೋ, ನಂಗಾದ್ರೆ ಟೆನ್ಷನ್ನು" ಅಂದರು ಅವಳಿಗಳ ತಾಯಿ. ಎಂಥ ಟೆನ್ಷನ್? ಮಕ್ಕಳಿಂದ ನನಗೆ ಯಾವ ಟೆನ್ಷನ್ನೂ ಆಗಲಿಲ್ಲ.

ವನಜ ಮಾತ್ರ ಸಂಜೆ ಪಾನಕ ಮುಟ್ಟಿರಲಿಲ್ಲ. ಕುಂಟೆಬಿಲ್ಲೆ ಆಡಿ ಬೆವೆತು ಬಂದಾಗಲೂ ಹೂಜಿಯನ್ನು ನೋಡಿದಳು, ಅಷ್ಟೆ. ಊಟಕ್ಕೆ ಮಜ್ಜಿಗೆಯೂ ಬೇಡವಂತೆ. ಒಣ ಚಿತ್ರಾನ್ನ ನುಂಗೀ ನುಂಗೀ ಬಿಕ್ಕಳಿಕೆ ಹತ್ತಿತು.

ಅಡುಗೆಮನೆಗೆ ಕರೆದುಕೊಂಡು ಹೋಗಿ ಕೇಳಿದೆ. "ಯಾಕ್ ಪುಟ್ಟಿ, ನಮ್ಮನೆ ನೀರು ಸೇರಲ್ವಾ?"

"ಹಂಗಲ್ಲ ದೊಡ್ಡಮ್ಮ. ಸಾಯಂಕಾಲದ ಮೇಲೆ ನೀರು ಕುಡಿಯಲ್ಲ ಅಂತ ಅಮ್ಮ ಅವಳ ತಲೆ ಮೇಲೆ ಕೈ ಇಡಿಸ್ಕೊಂಡು ಆಣೆ ಹಾಕಿಸವ್ಳೆ."

"ಅದ್ಯಾಕೆ?"

ತಲೆ ತಗ್ಗಿಸಿಕೊಂಡು ಹೇಳಿದಳು. "ಕುಣಿಗಲ್ ಅತ್ತೆ ಮನೇಲಿ ಮಲಗಿದ್ದಾಗ ಹಾಸಿಗೇಲೇ ಆಗೋಗಿತ್ತು. ಅತ್ತೆ ಹಾಸಿಗೆ ತಗೊಂಡೋಗಿ ಬೀದಿ ಕಾಂಪೌಂಡ್ ಮೇಲೆ ಹಾಕುದ್ರು. ಹೋಗೋರ್ಗೆ ಬರೋರ್ಗೆಲ್ಲ ನನ್ನ ತೋರ್ಸುದ್ರು."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಅತ್ತೆ ಅಂದರೆ ನನ್ನ ನಾದಿನಿ. ಅವಳ ಮನೆಗೆ ಹಿತ್ತಿಲಿಲ್ಲವೇ? ಇದೆ. ಒಳ್ಳೆ ಬಿಸಿಲು ಬೀಳುವ ಹಿತ್ತಿಲು, ನಾನೇ ಅಲ್ಲಿ ಎಷ್ಟೋ ಸಲ ಬಟ್ಟೆ ಒಣಹಾಕಿದ್ದೇನೆ. ಆದರೂ ಬೀದಿ ಕಡೆಯ ಕಾಂಪೌಂಡೇ ಬೇಕಾಯಿತು. ನಾಚಿಕೆಯಾದರೆ ಅಭ್ಯಾಸ ಬಿಡುತ್ತದಂತೆ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ನಡೆಯುತ್ತಿದೆ ಈ ಟ್ರೀಟ್‌ಮೆಂಟು? ಮಗು ನಿದ್ದೆಯಲ್ಲಿ ಮಾಡಿದ್ದು ತಪ್ಪು, ದೊಡ್ಡವರು ಎಚ್ಚರವಾಗಿದ್ದು ಮಾಡಿದ್ದು ಬುದ್ಧಿ ಕಲಿಸುವುದು. (ನನ್ನ ನಾದಿನಿ ಈ ಅಂಕಣ ಓದುತ್ತಾಳೆ. ಓದಲಿ.)

ಇನ್ನು ಹೆತ್ತವರ ಕಥೆ. ನಾದಿನಿಯನ್ನು ಒಂದು ಮಾತು ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಮಗುವಿಗೆ ನೀರು ನಿಲ್ಲಿಸುವ ಧೈರ್ಯ ಮಾತ್ರ ಬಂತು.

"ಕುಡುದ್ರೆ ಅಮ್ಮ ಸತ್ತೋಗಲ್ವಾ?" ವನಜ ಕೇಳಿದಳು.

"ಇಲ್ಲ ಕಣೇ. ನಿಮ್ಮಮ್ಮಂಗೆ ಏನೂ ಆಗಲ್ಲ. ಮೊದ್ಲು ಕುಡಿ."

ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಫ್ರಾಕಿನ ಮೇಲೆಲ್ಲ ಸುರಿಯಿತು. ಆ ಗಟಗಟ ಸದ್ದು ಕೇಳುತ್ತಾ ನಿಂತಿದ್ದ ನನಗೆ ಅಳು ಬಂತು.

ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತು. ಆಗಲಿ. ಉಳಿದವರು ಏಳುವ ಮುಂಚೆ ಅವಳಿಗೆ ಸ್ನಾನ ಮಾಡಿಸಿ ಶೈಲಾಳ ಫ್ರಾಕ್ ಹಾಕಿದೆ. ಆಮೇಲೆ ಎಲ್ಲರನ್ನೂ ಎಬ್ಬಿಸಿ, ಮನೆಯಲ್ಲಿದ್ದ ಅಷ್ಟೂ ಹಾಸಿಗೆಗಳನ್ನು ಹಿತ್ತಿಲಿಗೆ ಹಾಕಿದೆ. ಬೇಸಿಗೆಯಲ್ಲಿ ಹಾಸಿಗೆ ಬಿಸಿಲಿಗೆ ಹಾಕದ ಮನೆ ಯಾವುದು? ಯಾವ ಮಗುವೂ ಏನೂ ಕೇಳಲಿಲ್ಲ.

ಹತ್ತು ಗಂಟೆ ಬಸ್ಸಿಗೆ ಮೈದುನ, ಓರಗಿತ್ತಿ ಬಂದರು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ, ಮೈದುನ ಎಲ್ಲ ಮಕ್ಕಳ ಮುಂದೆ ನಗುನಗುತ್ತಾ ಕೇಳಿದ: "ಅತ್ತಿಗೆ, ರಾತ್ರಿ ಏನೂ ರಾಮಾಯಣ ಮಾಡ್ಲಿಲ್ಲ ತಾನೆ ಇವ್ಳು?"

ವನಜ ನನ್ನ ಮುಖ ನೋಡಿದಳು. ಆ ನೋಟ ನಾನು ಮರೆಯುವುದಿಲ್ಲ.

"ಚೆನ್ನಾಗಿ ಆಡಿದ್ಲು, ಹೊಟ್ಟೆ ತುಂಬ ನೀರು ಕುಡುದ್ಲು. ನಂಗ್ ಗೊತ್ತಿರೋದು ಇಷ್ಟೇ," ಅಂದೆ.

ಓರಗಿತ್ತಿ ಗಾಬರಿಯಾದಳು. "ಅಯ್ಯೋ ಅಕ್ಕ, ನೀರ್ ಯಾಕ್ ಕೊಟ್ರಿ? ಹಾಸಿಗೆ ಏನಾಗ್ಬೇಕು?"

ಊಟ ಮಾಡಿದಳಾ, ನಿದ್ದೆ ಬಂತಾ, ಅತ್ತಳಾ? ಒಂದನ್ನೂ ಕೇಳಲಿಲ್ಲ. ಹಾಸಿಗೆ ಏನಾಗಬೇಕಂತೆ.

ಹಾಸಿಗೆ ಮಧ್ಯಾಹ್ನಕ್ಕೆ ಒಣಗಿತು. ಮಗುವಿನ ಗಂಟಲು ಒಣಗಿಸಿದ ದೊಡ್ಡವರನ್ನು ಯಾವ ಕಾಂಪೌಂಡಿನ ಮೇಲೆ ಹಾಕೋಣ, ನೀವೇ ಹೇಳಿ?