ಆನೆಯ ಸಿನಿಮಾದಲ್ಲಿ ನನ್ನ ಕೈ

ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮೈಸೂರಿನ ಟೈಲರ್ ಅಂಗಡಿಯೊಂದರಲ್ಲಿ ಗುಂಡಿ ಹೊಲಿಯಲು ಕೂತವನು ನಾನು. ಇಂಗ್ಲಿಷ್ ಅಂದರೆ ನನಗೆ ಟೇಪಿನ ಮೇಲಿನ ಅಂಕಿ, ಅಷ್ಟೇ. ಹಾಗಾಗಿ ಕಳೆದ ವರ್ಷ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿರುವ ಮಗಳ ಮನೆಗೆ ಹೋದಾಗ ಆರು ವರ್ಷದ ಮೊಮ್ಮಗಳ ಮುಂದೆ ಮೂಗನಾಗಿಬಿಟ್ಟೆ. ನನ್ನ ಕನ್ನಡ ಅವಳಿಗೆ ತಿಳಿಯುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಅವಳಮ್ಮನ ಬೆನ್ನ ಹಿಂದಿನಿಂದ. ಎರಡು ತಿಂಗಳಾದರೂ ಒಮ್ಮೆಯೂ ನನ್ನನ್ನು ತಾತ ಅನ್ನಲಿಲ್ಲ. "ಹಿ ವಾಂಟ್ಸ್ ಟೀ," ಅನ್ನುತ್ತಿದ್ದಳು ಅಮ್ಮನಿಗೆ. ನಾನು ವಾಪಸು ಹೊರಡಲು ಇನ್ನು ಮೂರೇ ವಾರ. ಒಂದೇ ಒಂದು ಸಲ ತಾತ ಅನ್ನಿಸಿಕೊಂಡು ಹೋದರೆ ಸಾಕಪ್ಪ ಅಂದುಕೊಂಡಿದ್ದೆ.

ಎಯ್ಟ್ ಮೈಲ್ ಪ್ಲೇನ್ಸ್ ಅನ್ನುವ ಬಡಾವಣೆಯ ಆ ಮನೆಯಲ್ಲಿ ಸ್ಕೂಲು ಮುಗಿದ ಮೇಲೆ ಅವಳಿಗೆ ಅರ್ಧ ಗಂಟೆ ಟೀವಿ. ನೋಡುತ್ತಿದ್ದದ್ದು ಐದಾರು ನಿಮಿಷದ ಪುಟ್ಟ ಪುಟ್ಟ ಕಾರ್ಟೂನ್ ಸಿನಿಮಾ. ಸೋಫಾದ ಆ ತುದಿಗೆ ಅವಳು, ಈ ತುದಿಗೆ ನಾನು. ಒಂದು ದಿನ ಬಟ್ಟೆಗೊಂಬೆಗಳದ್ದು ಬಂತು. ಅದರಲ್ಲಿ ಮಾತೇ ಇಲ್ಲ! ನನಗೆ ಹಬ್ಬವಾಯಿತು.

ಚಳಿಯಲ್ಲಿ ನಡುಗುವ ಮರಿಗೆಂದು ತಾಯಿ ಮೊಲ ತನ್ನ ಹೊಟ್ಟೆಯ ಹೊಲಿಗೆ ಬಿಚ್ಚಿ, ಹತ್ತಿ ತೆಗೆದು ತೆಗೆದು ರಜಾಯಿಗೆ ತುಂಬುತ್ತದೆ. ತಾನು ಖಾಲಿ ಚೀಲದಂತೆ ಜೋತುಬೀಳುತ್ತದೆ. ನನಗೆ ತಡೆಯಲಾಗಲಿಲ್ಲ.

"ಅಯ್ಯೋ, ಸಾಕು ಕಣಮ್ಮಾ! ಹೊಲಿಗೆ ಪೂರ್ತಿ ಬಿಟ್ಕೊಳ್ತದೆ!" ಎಂದು ಟೀವಿಗೇ ಕೂಗಿಬಿಟ್ಟೆ. ಕೊನೆಗೆ ಮರಿ ಎದ್ದು ಒಂದು ಚಿಟಿಕೆ ಹತ್ತಿ ತೆಗೆದು ಅಮ್ಮನ ಹೊಟ್ಟೆಗೆ ತುರುಕಿತು ನೋಡಿ, ನನ್ನ ಕಣ್ಣೀರು ಗಲ್ಲಕ್ಕೆ ಇಳಿದೇಬಿಟ್ಟಿತು.

ಮೊಮ್ಮಗಳು ಟೀವಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. "ಇಟ್ಸ್ ನಾಟ್ ರಿಯಲ್," ಅಂದಳು ಮೆತ್ತಗೆ. ಆಮೇಲೆ ಒಳಗೆ ಹೋಗಿ, ಕಿವಿ ಹರಿದ ತನ್ನ ಬಟ್ಟೆಯ ಆನೆಯನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಏನು ಮಾಡಬೇಕೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಸೂಜಿ ದಾರ ತೆಗೆದೆ, ಕಿವಿ ಕೂತಿತು. ಈಗ ಆನೆಯದೂ ಸಿನಿಮಾ ಆಗಬೇಕೆಂದು ಮೊಮ್ಮಗಳ ಹಟ. ಮಗಳು ಫೋನನ್ನು ಪುಸ್ತಕಕ್ಕೆ ಒರಗಿಸಿಟ್ಟು ಹೇಳಿಕೊಟ್ಟಳು: "ಅಪ್ಪಾ, ಆನೇನ ಒಂಚೂರು ಜರುಗ್ಸು, ಕೈ ತೆಗಿ, ಅವಳು ಫೋಟೋ ಹೊಡೀತಾಳೆ. ಮತ್ತೆ ಒಂಚೂರು. ಅಷ್ಟೇ."

ಅಷ್ಟೇ ಅಂತೆ! ಎರಡು ಮಧ್ಯಾಹ್ನ ಹಿಡಿಯಿತು. ಅರ್ಧ ನಿಮಿಷದ ನಡಿಗೆಗೇ ಇಷ್ಟಾದರೆ, ಆ ಮೊಲವನ್ನು ಅಳಿಸಿ ನಗಿಸಿದವರು ಎಷ್ಟು ದಿನ ಬೆನ್ನು ಬಗ್ಗಿಸಿದ್ದರೋ! ಯಾವ ದೇಶದವರೋ, ಅವರ ಕೈ ತಣ್ಣಗಿರಲಿ.

ನನ್ನ ಕೈ ಮಾತ್ರ ಕೆಲಸ ಕೆಡಿಸಿತ್ತು. ಐವತ್ತು ವರ್ಷ ಬಟ್ಟೆ ಮುಟ್ಟಿದ ಕೈ. ಸುಕ್ಕು ಕಂಡರೆ ತಾನಾಗಿ ಸವರುತ್ತದೆ. ಆನೆಯನ್ನು ಜರುಗಿಸಿದಾಗೆಲ್ಲ ಬೆನ್ನಿನ ಸುಕ್ಕು ನೇರ ಮಾಡುತ್ತಿದ್ದೆ, ಅಷ್ಟರಲ್ಲಿ ಅವಳು ಫೋಟೋ ಒತ್ತಿಬಿಡುತ್ತಿದ್ದಳು. ಫೋಟೋಗಳನ್ನೆಲ್ಲ ಸಾಲಾಗಿ ಕೂಡಿಸಿ ಓಡಿಸಿ ನೋಡಿದರೆ ಆನೆ ಮೇಜಿನ ಮೇಲೆ ನಡೆಯುತ್ತಿದೆ, ನಿಜ. ಹೆಜ್ಜೆಗೊಮ್ಮೆ ದೊಡ್ಡದೊಂದು ಕಪ್ಪು ಕೈ ಬಂದು ಬೆನ್ನು ಸವರಿ ಮಾಯವಾಗುತ್ತಿದೆ!

ಮಗಳು ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಇದೇನು ಸಿನಿಮಾನೋ ಇಸ್ತ್ರಿ ಅಂಗಡೀನೋ?"

ನನ್ನ ಮುಖ ಸಣ್ಣಗಾಯಿತು. "ಅಳಿಸ್ಬಿಡು ಪುಟ್ಟಿ, ಇನ್ನೊಂದ್ಸಲ ಮಾಡೋಣ," ಅಂದೆ.

"ನೋ!" ಅವಳು ಫೋನನ್ನು ಎದೆಗೆ ಅವುಚಿಕೊಂಡಳು.

ಭಾನುವಾರ ಪಾರ್ಕಿನಲ್ಲಿ ಕನ್ನಡದವರೆಲ್ಲ ಸೇರಿ ಜೋಳ, ಪನೀರು ಸುಡುತ್ತಿದ್ದರು. ಮೊಮ್ಮಗಳು ಸಿಕ್ಕವರಿಗೆಲ್ಲ ಸಿನಿಮಾ ತೋರಿಸುತ್ತ ಓಡಾಡಿದಳು. ಅಲ್ಲಿ ಓದಲು ಬಂದಿದ್ದ ಹುಡುಗಿಯೊಬ್ಬಳು ಕೇಳಿದಳು, "ಸಖತ್ತಾಗಿದೆ ಕಣೇ! ಯಾರ್ದೇ ಈ ಕೈ, ದೇವ್ರದಾ?"

ಮೊಮ್ಮಗಳಿಗೆ ಸಿಟ್ಟೇ ಬಂತು. "ನೋ! ದಟ್ಸ್ ಮೈ ತಾತ! ಆನೆಗೆ ಭಯ ಆಗತ್ತೆ, ಸೋ ತಾತ ಹೆಲ್ಪ್ಸ್." ಆಮೇಲೆ ನನ್ನ ಕಡೆ ತಿರುಗಿ ಕೂಗಿದಳು, "ತಾತಾ! ಕಮ್! ಶೋ ಯುವರ್ ಹ್ಯಾಂಡ್!"

ತಟ್ಟೆ ಅಲ್ಲೇ ಬಿಟ್ಟು ಎದ್ದುಹೋದೆ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಕೈಯನ್ನು ಅವಳ ಮುಂದೆ ಚಾಚಿದೆ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಬ್ಬೊಬ್ಬರಿಗೂ ತೋರಿಸುತ್ತ, ಪಾರ್ಕೆಲ್ಲ ನನ್ನನ್ನು ಎಳೆದಾಡಿದಳು.